ದನ ನೋಡುವ ಕಣ್ಣು

ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ತೂಕದ ನಾಲ್ಕು ದನಗಳು. ಬೆನ್ನಿನ ಮೇಲೆ 1, 2, 3, 4 ಎಂಬ ಅಂಕಿ. ಎದುರಿಗೆ ಕೈಯಲ್ಲಿ ಪುಟ್ಟ ಟಿಪ್ಪಣಿ ಪುಸ್ತಕ ಹಿಡಿದ ಹುಡುಗ ಹುಡುಗಿಯರು. ಯಾರೂ ಯಾರೊಂದಿಗೂ ಮಾತಾಡುವಂತಿಲ್ಲ. ಹದಿನೈದು ನಿಮಿಷದೊಳಗೆ ಯಾವುದು ಮೊದಲು, ಯಾವುದು ಕೊನೆ ಎಂದು ಜೋಡಿಸಿ ಚೀಟಿ ಕೊಡಬೇಕು. ಆಮೇಲೆ ಒಬ್ಬೊಬ್ಬರೇ ತೀರ್ಪುಗಾರರ ಮುಂದೆ ನಿಂತು, ಪುಸ್ತಕ ನೋಡದೆ, ಎರಡು ನಿಮಿಷ ಮೀರದಂತೆ ಕಾರಣ ಹೇಳಬೇಕು. ಅಮೆರಿಕದ ದನಸಾಕಣೆಯ ನಾಡುಗಳಲ್ಲಿ ಇದಕ್ಕೆ ಲೈವ್‌ಸ್ಟಾಕ್ ಜಡ್ಜಿಂಗ್ ಎನ್ನುತ್ತಾರೆ. ಚಿಕಾಗೊದ ಇಂಟರ್‌ನ್ಯಾಷನಲ್ ಲೈವ್ ಸ್ಟಾಕ್ ಎಕ್ಸ್‌ಪೊಸಿಷನ್ ಎಂಬ ಜಾನುವಾರು ಪ್ರದರ್ಶನ 1900ರಲ್ಲಿ ಶುರುವಾಯಿತು. ಕೃಷಿ ಕಾಲೇಜುಗಳ ತಂಡಗಳು ಸೆಣಸುವ ಪದ್ಧತಿ ಬೇರೂರಿದ್ದು ಅಲ್ಲಿ. ಡೆನ್ವರ್‌ನ ನ್ಯಾಷನಲ್ ವೆಸ್ಟರ್ನ್ ಸ್ಟಾಕ್ ಶೋ 1906ರಿಂದ ನಡೆದುಬಂದಿದೆ. ಹಳ್ಳಿಯ ಮಟ್ಟದಲ್ಲಿ ಫೋರ್-ಎಚ್ ಎಂಬ ಮಕ್ಕಳ ಸಂಘಗಳೂ, 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿದ ಎಫ್‌ಎಫ್‌ಎ ಎಂಬ ಕೃಷಿ ವಿದ್ಯಾರ್ಥಿ ಸಂಘಟನೆಯ ಶಾಖೆಗಳೂ ಮಕ್ಕಳಿಗೆ ಇದನ್ನು ಕಲಿಸುತ್ತವೆ.

ಕಲಿಸುವವರು ಬಹುಮಟ್ಟಿಗೆ ದನ ಸಾಕುವವರೇ. ಬೆಳಗ್ಗೆ ಮಂದೆಗೆ ಹುಲ್ಲು ಹಾಕಿ, ಸಂಜೆ ಮಕ್ಕಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಊರೂರು ತಿರುಗಿ, ವಯಸ್ಸಾದ ಮೇಲೆ ಜಿಲ್ಲೆಯ ಸಂಘ, ದನದ ಮೈಮೇಲಿನ ಒಡೆತನದ ಗುರುತು ನೋಡಿಕೊಳ್ಳುವ ರಾಜ್ಯದ ಮುದ್ರೆ ಮಂಡಳಿ ಎಂದು ಸಾರ್ವಜನಿಕ ಕೆಲಸಕ್ಕೆ ಕೂರುವವರು. ಮಂದೆ, ಮಕ್ಕಳು, ಮಂಡಳಿ. ಈ ಮೂರನ್ನೂ ಹಿಡಿದಿಟ್ಟಿರುವುದು ದನ ನೋಡುವ ಕಣ್ಣು. ಅದು ಹುಟ್ಟಿನಿಂದ ಬರುತ್ತದೆ ಎಂದು ಅನೇಕರು ನಂಬಿದ್ದಾರೆ, ನಾನು ನಂಬುವುದಿಲ್ಲ. ಅದನ್ನು ಕಲಿಸಬಹುದು, ಅಳೆಯಬಹುದು, ದಾರಿ ತಪ್ಪಿದರೆ ತಿದ್ದಬಹುದು. ಹೇಗೆ ಎಂಬುದೇ ಈ ಬರಹ.

ಮೊದಲ ತಪ್ಪು ಹತ್ತಿರ ಹೋಗುವುದು. ಹೊಸಬರು ದನದ ಪಕ್ಕಕ್ಕೇ ಹೋಗಿ ನಿಲ್ಲುತ್ತಾರೆ, ಅದರ ಬಣ್ಣ, ಕೂದಲು, ಮುಖ ನೋಡುತ್ತಾರೆ. ಆರೆಂಟು ಮೀಟರ್ ಹಿಂದೆ ಸರಿದರೆ ನಾಲ್ಕೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಆಗ ಹೋಲಿಕೆ ತಾನಾಗಿ ಶುರುವಾಗುತ್ತದೆ. ಮೊದಲು ಹಿಂದಿನಿಂದ ನೋಡಬೇಕು. ತೊಡೆಯ ಅತಿ ಅಗಲವಾದ ಜಾಗ ಹಿಂಗಾಲಿನ ಮಂಡಿಚಿಪ್ಪಿನ ಮಟ್ಟದಲ್ಲಿದ್ದರೆ ಅದು ಮಾಂಸಖಂಡ. ಅಗಲವೆಲ್ಲ ಬಾಲದ ಬುಡದಲ್ಲೇ ಇದ್ದರೆ ಅದು ಕೊಬ್ಬು. ಬೆನ್ನು ಹಲಗೆಯಂತೆ ಚಪ್ಪಟೆಯಾಗಿ, ಅಂಚು ಚೌಕವಾಗಿ ಕಂಡರೆ ಕೊಬ್ಬು ತುಂಬಿದೆ. ಬೆನ್ನೆಲುಬಿನ ಎರಡೂ ಬದಿಗೆ ದುಂಡಗೆ ಉಬ್ಬಿ ನಡುವೆ ಸಣ್ಣ ತೋಡು ಬಿದ್ದಿದ್ದರೆ ಮಾಂಸಖಂಡ. ಕೊಬ್ಬು ಇನ್ನೂ ಎಲ್ಲೆಲ್ಲಿ ಗೊತ್ತಾಗುತ್ತದೆಂದರೆ ಮುಂದೆದೆಯಲ್ಲಿ, ಪಕ್ಕೆಯ ಕೆಳಗಿನ ಮಡಿಕೆಯಲ್ಲಿ, ಬಾಲದ ಬುಡದ ಎರಡು ಪಕ್ಕದಲ್ಲಿ, ಬೀಜ ಒಡೆಸಿದ ಹೋರಿಯಾದರೆ ಖಾಲಿ ಚೀಲದಲ್ಲಿ. ಆ ಚೀಲ ತುಂಬಿ ನಿಂತಿದ್ದರೆ ಹೋರಿ ಕಟಾವಿಗೆ ಸಿದ್ಧ.

ಆಮೇಲೆ ಪಕ್ಕದಿಂದ. ಬೆನ್ನುಗೆರೆ, ಎದೆಯ ಆಳ, ಹೊಟ್ಟೆಯ ಆಳ. ಕೊನೆಗೆ ನಡಿಗೆ, ಮತ್ತು ನಡಿಗೆಯನ್ನು ನೆಲದಿಂದ ಮೇಲಕ್ಕೆ ಓದಬೇಕು: ಗೊರಸು, ಗೊರಸಿನ ಮೇಲಿನ ಗೆಣ್ಣು, ಹಿಂಗಾಲಿನ ಕೀಲು, ಚಪ್ಪೆ, ಹೆಗಲು. ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲು ಬಂದು ಕೂತರೆ ಕೀಲುಗಳ ಕೋನ ಸರಿಯಿದೆ ಎಂದರ್ಥ. ಹಿಂಗಾಲು ಕಂಬದಂತೆ ನೆಟ್ಟಗಿರುವ ಬೀಜದ ಹೋರಿಯನ್ನು ಮೊದಲ ವರ್ಷ ಯಾರೂ ಬೈಯುವುದಿಲ್ಲ. ಎರಡು ಮೂರು ಹಂಗಾಮು ಹಸುಗಳನ್ನು ಏರಿದ ಮೇಲೆ ಕೀಲಿನಲ್ಲಿ ನೀರು ತುಂಬಿ ಊತ ಬರುತ್ತದೆ. ಹುಲ್ಲುಗಾವಲಿನಲ್ಲಿ ಮೈಲಿಗಟ್ಟಲೆ ನಡೆದು ಬೆದೆಗೆ ಬಂದ ಹಸುವನ್ನು ಹುಡುಕುವುದು ಅದಕ್ಕೆ ಆಗುವುದಿಲ್ಲ. ಕಡಸುಗಳಾದರೆ ಕಾಲಿನ ಜೊತೆಗೆ ಕೆಚ್ಚಲೂ ಮುಖ್ಯ. ಬಲೂನಿನಂತೆ ಊದಿದ ಮೊಲೆತೊಟ್ಟನ್ನು ಹುಟ್ಟಿದ ಕರುವಿನ ಬಾಯಿ ಹಿಡಿಯಲಾರದು.

ನಾಲ್ಕನ್ನು ಜೋಡಿಸಲು ಒಂದು ಉಪಾಯವಿದೆ. ಮೊದಲನೆಯದನ್ನು ಹುಡುಕುತ್ತ ಕೂರಬೇಡಿ. ಸುಲಭವಾಗಿ ಬೇರ್ಪಡುವುದು ಯಾವುದು ಎಂದು ನೋಡಿ. ಅದು ಮೇಲಿನದೂ ಆಗಿರಬಹುದು, ಕೊನೆಯದೂ ಆಗಿರಬಹುದು. ಅದನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಮೂರು. ಅದರಲ್ಲಿ ಮತ್ತೆ ಸುಲಭದ್ದು. ಕೊನೆಗೆ ಉಳಿಯುವ ಕಷ್ಟದ ಜೋಡಿಗೆ ಮಾತ್ರ ಉಳಿದ ಸಮಯವೆಲ್ಲ. ಹೊಸ ಮಕ್ಕಳು ಹದಿನೈದು ನಿಮಿಷವನ್ನು ನಾಲ್ಕಕ್ಕೂ ಸಮನಾಗಿ ಹಂಚಿ ಕಷ್ಟದ ಜೋಡಿಯಲ್ಲಿ ಎಡವುತ್ತಾರೆ.

ಅಂಕ ಹಾಕುವ ಲೆಕ್ಕ ನನಗೆ ತುಂಬ ಇಷ್ಟ, ಏಕೆಂದರೆ ಅದು ಎಲ್ಲ ತಪ್ಪನ್ನೂ ಒಂದೇ ತೂಕದಲ್ಲಿ ತೂಗುವುದಿಲ್ಲ. ತೀರ್ಪುಗಾರರು ಸರಿಯಾದ ಕ್ರಮದ ಜೊತೆಗೆ ಅಕ್ಕಪಕ್ಕದ ಪ್ರತಿ ಜೋಡಿಯ ನಡುವೆ ಎಷ್ಟು ಅಂತರವಿದೆ ಎಂದೂ ಮೊದಲೇ ಬರೆದಿಡುತ್ತಾರೆ. ಇದನ್ನು ಕಟ್ ಎನ್ನುತ್ತಾರೆ. ಕ್ರಮ 3-1-4-2, ಕಟ್ 2, 5, 3 ಎಂದುಕೊಳ್ಳಿ. ಅಂದರೆ 3ಕ್ಕೂ 1ಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ತಿಳಿದವರೇ ಭಿನ್ನವಾಗಿ ಇಡಬಹುದು. 1ಕ್ಕೂ 4ಕ್ಕೂ ದೊಡ್ಡ ಅಂತರ. ಪೂರ್ತಿ ಅಂಕ 50. ಹುಡುಗಿಯೊಬ್ಬಳು 1-3-2-4 ಎಂದು ಇಟ್ಟರೆ ತಲೆಕೆಳಗಾದ ಜೋಡಿ ಎರಡು, 3-1 ಮತ್ತು 4-2. ಕಳೆಯುವುದು 2 ಮತ್ತು 3, ಉಳಿಯುವುದು 45. ಇನ್ನೊಬ್ಬ 1-4-3-2 ಎಂದು ಇಟ್ಟರೆ ಅವನದೂ ಎರಡೇ ಜೋಡಿ ತಪ್ಪು, ಆದರೆ ಅವನು 4ನ್ನು 3ಕ್ಕಿಂತ ಮೇಲಿಟ್ಟಿದ್ದಾನೆ. ಅಲ್ಲಿಯ ಅಂತರ 2 ಕೂಡು 5, ಅಂದರೆ 7. ಜೊತೆಗೆ 3-1ರ 2. ಉಳಿಯುವುದು 41. ಪೂರ್ತಿ ತಲೆಕೆಳಗೆ 2-4-1-3 ಎಂದು ಇಟ್ಟವರಿಗೆ ಆರೂ ಜೋಡಿ ತಪ್ಪಿ 35 ಹೋಗಿ 15 ಉಳಿಯುತ್ತದೆ. ಮೂರು ಕಟ್ ಸೇರಿ 15 ದಾಟಬಾರದು ಎಂಬ ನಿಯಮದ ಹಿಂದೆಯೂ ಇದೇ ಗಣಿತ: ಎಲ್ಲ ತಪ್ಪಿದಾಗ ಮೊದಲ ಮತ್ತು ಕೊನೆಯ ಕಟ್ ಮೂರು ಮೂರು ಸಲ, ನಡುವಿನದು ನಾಲ್ಕು ಸಲ ಕಳೆಯುತ್ತದೆ. ಮೊತ್ತ 15 ಇದ್ದಾಗ ನಡುವಿನ ಕಟ್ 5 ದಾಟಿದರೆ ಅಂಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಇಷ್ಟಾದರೂ ಚೀಟಿಯಲ್ಲಿ ಸರಿ ಬರೆದವರಿಗೆಲ್ಲ ಕಣ್ಣು ತೆರೆದಿದೆ ಎನ್ನುವಂತಿಲ್ಲ. ಅದೃಷ್ಟವೂ ಇರುತ್ತದೆ. ಆದ್ದರಿಂದಲೇ ಕಾರಣ ಹೇಳುವುದಕ್ಕೂ 50 ಅಂಕ. ಕೋಚ್‌ನ ನಿಜವಾದ ದುಡಿಮೆ ಇರುವುದು ಇಲ್ಲಿ.

ಕಾರಣದ ಕಟ್ಟು ಗಟ್ಟಿಯಾದದ್ದು. ನಾಲ್ಕು ಪ್ರಾಣಿಗಳಾದರೆ ಮೂರು ಜೋಡಿ: ಮೇಲಿನದು, ನಡುವಿನದು, ಕೆಳಗಿನದು. ಪ್ರತಿ ಜೋಡಿಯಲ್ಲೂ ಮೊದಲು ದೊಡ್ಡ ಕಾರಣ, ಆಮೇಲೆ ಅದನ್ನು ಎತ್ತಿಹಿಡಿಯುವ ಒಂದೆರಡು ವಿವರ, ಆಮೇಲೆ ಸೋತ ಪ್ರಾಣಿಯಲ್ಲಿ ಏನು ಒಳ್ಳೆಯದಿದೆ ಎಂದು ಒಪ್ಪಿಕೊಳ್ಳುವುದು, ಕೊನೆಗೆ ಅಷ್ಟಾದರೂ ಅದು ಏಕೆ ಕೆಳಗೆ. ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ: "ಈ ಹೋರಿಗಳನ್ನು 3, 1, 4, 2 ಎಂದು ಇಟ್ಟಿದ್ದೇನೆ. ಮೇಲಿನ ಜೋಡಿಯಲ್ಲಿ 1ಕ್ಕಿಂತ 3ನ್ನು ಮುಂದಿಟ್ಟದ್ದು ಮಾಂಸಖಂಡಕ್ಕಾಗಿ. ಹಿಂದಿನಿಂದ 3ರ ತೊಡೆ 1ರದಕ್ಕಿಂತ ಅಗಲ, ನಡೆಯುವಾಗ ಹಿಂಗಾಲುಗಳ ನಡುವಿನ ಜಾಗವೂ ಹೆಚ್ಚು. ಪಕ್ಕೆಯ ಮೇಲೆ 1 ಹೆಚ್ಚು ಸಮನಾಗಿ ಕೊಬ್ಬಿದೆ, ಒಪ್ಪುತ್ತೇನೆ. ಆದರೆ ಸೊಂಟದಲ್ಲಿ ಅದು 3ರಷ್ಟು ತುಂಬಿಲ್ಲ, ಆದ್ದರಿಂದ ಎರಡನೆಯದು." ಹೀಗೆ ಮುಂದಿನ ಜೋಡಿ, ಅದರ ಮುಂದಿನ ಜೋಡಿ. ಕೊನೆಯ ಪ್ರಾಣಿಗೆ ಬಂದಾಗ ಮಾತ್ರ ಹೋಲಿಕೆ ಬಿಟ್ಟು ಅದರ ದೋಷವನ್ನು ನೇರವಾಗಿ ಹೇಳಬಹುದು.

ಇಡೀ ವಿದ್ಯೆ 'ಗಿಂತ' ಎಂಬ ಒಂದು ಪ್ರತ್ಯಯದ ಮೇಲೆ ನಿಂತಿದೆ ಎಂದರೂ ತಪ್ಪಿಲ್ಲ. 'ಚೆನ್ನಾಗಿದೆ', 'ಮೈಕಟ್ಟು ಒಳ್ಳೆಯದು', 'ಲಕ್ಷಣವಾಗಿದೆ' ಎಂಬ ಮಾತುಗಳನ್ನು ಯಾವ ದನದ ಬಗ್ಗೆಯೂ ಹೇಳಬಹುದು. ಆದ್ದರಿಂದಲೇ ಅವು ಏನನ್ನೂ ಹೇಳುವುದಿಲ್ಲ. ಒಳ್ಳೆಯ ಕೋಚ್ ಅಂಥ ಮಾತು ಬಂದ ಕೂಡಲೇ ತಡೆದು ಕೇಳುತ್ತಾರೆ: ಯಾವುದಕ್ಕಿಂತ? ಎಲ್ಲಿ? ಎಲ್ಲಿ ನಿಂತು ನೋಡಿದಾಗ?

ಬಾಯಿಪಾಠ ಎರಡನೆಯ ರೋಗ. ಕೆಲವರು ಸಿದ್ಧವಾಕ್ಯಗಳನ್ನು ಉರು ಹೊಡೆದು ಅಂಕಿ ಮಾತ್ರ ಬದಲಿಸುತ್ತಾರೆ. ತೀರ್ಪುಗಾರರು ಕೊನೆಗೆ "2ನೆಯದರ ಹಿಂಗಾಲಿನ ಬಣ್ಣ ಯಾವುದು?" ಎಂದು ಕೇಳಿದರೆ ಸಿಕ್ಕಿಬೀಳುತ್ತಾರೆ. ಇದಕ್ಕೆ ಮದ್ದು ಟಿಪ್ಪಣಿಯನ್ನು ಬಳಸುವ ರೀತಿಯಲ್ಲಿದೆ. ಪುಟದಲ್ಲಿ ಜೋಡಿಗೆ ಒಂದೊಂದು ಅಂಕಣ, ಪ್ರತಿ ಪ್ರಾಣಿಗೆ ಗುರುತು ಹಿಡಿಯುವ ಒಂದು ವಿವರ, 'ಎಡ ಕಿವಿ ಸೀಳು', 'ಬಿಳಿ ಮೂಗು' ಎಂಬಂಥದ್ದು. ತರಗತಿ, ಅಂದರೆ ಹೀಗೆ ಹೋಲಿಸುವ ನಾಲ್ಕು ದನಗಳ ಒಂದು ಗುಂಪು, ಮುಗಿದ ಮೇಲೆ ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಆ ನಾಲ್ಕು ದನ ನಡೆಯುವುದನ್ನು ಮನಸ್ಸಿನಲ್ಲಿ ನೋಡಬೇಕು. ಕಾಣುತ್ತಿರುವುದನ್ನು ಹೇಳುವವರ ಮಾತು ನಿಲ್ಲುವುದಿಲ್ಲ. ಬರೆದಿದ್ದನ್ನು ನೆನಪಿಸಿಕೊಳ್ಳುವವರು ನಡುವೆ ತಡವರಿಸುತ್ತಾರೆ. ಅಭ್ಯಾಸ ಗೋಡೆಯ ಎದುರು ನಿಂತು, ಗಡಿಯಾರ ಹಿಡಿದು. ಎರಡು ನಿಮಿಷದ ಮಿತಿಗೆ ಒಂದೂಮುಕ್ಕಾಲು ನಿಮಿಷದಲ್ಲಿ ಮುಗಿಸುವಂತೆ ರೂಢಿ ಮಾಡಿಸಿದರೆ ಅಳುಕಿದ ದಿನವೂ ಮಿತಿ ದಾಟುವುದಿಲ್ಲ. ಕಾಲೇಜು ತಂಡಗಳು ಲೂಯಿವಿಲ್‌ನಲ್ಲಿ ಸೆಣಸುವ ನವೆಂಬರ್ ಸ್ಪರ್ಧೆಯಲ್ಲಿ ಒಬ್ಬೊಬ್ಬರಿಗೆ ಹನ್ನೆರಡು ತರಗತಿ, ಎಂಟು ಸಲ ಕಾರಣ. ಒಟ್ಟು 1000 ಅಂಕ. ಎಂಟನೆಯ ಸಲ ನಿಂತಾಗಲೂ ಬೆಳಗಿನ ಮೊದಲ ತರಗತಿಯ ದನಗಳೊಂದಿಗೆ ಬೆರೆಸದೆ ಹೇಳಬೇಕು. ದನದ ಉಸಾಬರಿಯೇ ಇಲ್ಲದ ಉದ್ಯೋಗಕ್ಕೆ ಹೋದ ಮಕ್ಕಳಿಗೂ ಈ ಶಿಸ್ತು ದಕ್ಕುತ್ತದೆ. ತೀರ್ಮಾನ ಮಾಡು, ಕಾರಣ ಕೊಡು, ಎದುರಿನ ಪಕ್ಷದ ಗುಣವನ್ನು ಮುಚ್ಚಿಡಬೇಡ ಎಂಬುದನ್ನು ಇಷ್ಟು ಎಳೆಯ ವಯಸ್ಸಿನಲ್ಲಿ ಕಲಿಸುವ ಇನ್ನೊಂದು ಪಾಠ ನನಗೆ ಕಂಡಿಲ್ಲ.

ಆದರೆ ಕಣ್ಣು ಮೋಸ ಹೋಗುತ್ತದೆ, ಇಡೀ ದೇಶದ ಕಣ್ಣೇ ಮೋಸ ಹೋಗುತ್ತದೆ. 1940 ಮತ್ತು 50ರ ದಶಕದಲ್ಲಿ ಅಮೆರಿಕದ ಪ್ರದರ್ಶನಗಳಲ್ಲಿ ಗಿಡ್ಡ, ದುಂಡನೆಯ, ನೆಲಕ್ಕೆ ಹತ್ತಿರವಾದ ಹೋರಿಗಳೇ ಗೆಲ್ಲುತ್ತಿದ್ದವು. ಹಿಯರ್‌ಫರ್ಡ್ ತಳಿಯಲ್ಲಿ ಹೆಚ್ಚಾಗಿ, ಆಂಗಸ್‌ನಲ್ಲೂ, ಕುಬ್ಜ ಕರುಗಳು ಹುಟ್ಟತೊಡಗಿದವು: ಹಣೆ ಉಬ್ಬಿ, ಹೊಟ್ಟೆ ಊದಿ, ಗೊರಗೊರ ಉಸಿರಾಡುವ ಕರುಗಳು. ದೋಷದ ವಂಶವಾಹಿ ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಕರು ಕುಬ್ಜ. ಒಂದೇ ಕಡೆಯಿಂದ ಬಂದ ಹೋರಿ ಆರೋಗ್ಯವಾಗಿ, ಸ್ವಲ್ಪ ಹೆಚ್ಚು ದುಂಡಗೆ ಕಾಣುತ್ತಿತ್ತು. ಆ 'ಸ್ವಲ್ಪ ಹೆಚ್ಚು ದುಂಡಗೆ' ಎಂಬುದಕ್ಕೇ ತೀರ್ಪುಗಾರರು ಬಹುಮಾನ ಕೊಡುತ್ತಿದ್ದರು. ಹೀಗೆ ದೋಷದ ವಾಹಕಗಳನ್ನೇ ಆರಿಸಿ ಆರಿಸಿ ಬೀಜಕ್ಕೆ ಬಿಟ್ಟಂತಾಯಿತು. ಮನೆಯಲ್ಲಿ ಕುಬ್ಜ ಕರು ಹುಟ್ಟಿದರೆ ಅದನ್ನು ಮುಚ್ಚಿಟ್ಟ ಸಾಕಣೆಗಾರರಿಂದ ರೋಗ ಇನ್ನಷ್ಟು ಹರಡಿತು.

ತಿದ್ದಿದ್ದು ಲೆಕ್ಕ. ರಕ್ತದ ವಿಶ್ಲೇಷಣೆ ಇಲ್ಲದ ಆ ಕಾಲದಲ್ಲಿ ಹೋರಿಯನ್ನು ಪರೀಕ್ಷಿಸುವ ದಾರಿ ಒಂದೇ: ಈಗಾಗಲೇ ಕುಬ್ಜ ಕರು ಈದ, ಅಂದರೆ ಖಚಿತವಾಗಿ ವಾಹಕವಾದ ಹಸುಗಳಿಗೆ ಅದನ್ನು ಕೂಡಿಸುವುದು. ಹೋರಿಯೂ ವಾಹಕವಾಗಿದ್ದರೆ ಪ್ರತಿ ಕರುವೂ ಸರಿಯಾಗಿ ಹುಟ್ಟುವ ಸಂಭವ ನಾಲ್ಕರಲ್ಲಿ ಮೂರು. ಹದಿನಾರು ಕರುಗಳೂ ಸರಿಯಾಗಿ ಹುಟ್ಟಿದರೆ ಅದು ಬರಿಯ ಅದೃಷ್ಟವಾಗಿರುವ ಸಂಭವ ನೂರರಲ್ಲಿ ಒಂದು ಮಾತ್ರ. ಹದಿನಾರು ಕರುಗಳಿಗಾಗಿ ಒಂದು ವರ್ಷ ಕಾಯಬೇಕಿತ್ತು. ಆಮೇಲೆ ಲೋಲಕ ಇನ್ನೊಂದು ತುದಿಗೆ ಹೋಯಿತು. 1970, 80ರ ದಶಕಗಳಲ್ಲಿ ಎತ್ತರದ ಹುಚ್ಚು. ಮನುಷ್ಯನ ಎದೆಗಿಂತ ಮೇಲೆ ಚಪ್ಪೆ ಬರುವ ಹೋರಿಗಳಿಗೆ ರಿಬ್ಬನ್. ಎತ್ತರದ ದನ ತಡವಾಗಿ ಬಲಿಯುತ್ತದೆ, ಕೊಬ್ಬಲು ಹೆಚ್ಚು ದಿನ ಬೇಕು, ಒಣ ಹುಲ್ಲುಗಾವಲಿನಲ್ಲಿ ತನ್ನ ದೊಡ್ಡ ಮೈಯನ್ನು ನಿಭಾಯಿಸಲಾರದೆ ಗಬ್ಬ ನಿಲ್ಲುವುದಿಲ್ಲ. ಈಗ ಸ್ಪರ್ಧೆಯಲ್ಲಿ ಬೀಜದ ಹೋರಿಗಳ ತರಗತಿಗೆ ಕರುವಿನ ಹುಟ್ಟುತೂಕ, ಬೆಳವಣಿಗೆ, ಹಾಲು ಇವುಗಳ ಅಂಕಿಅಂಶದ ಹಾಳೆಯನ್ನೂ, 'ಈ ಹೋರಿ ಒಣಪ್ರದೇಶದ ಮಂದೆಗೆ, ಕಡಸುಗಳ ಮೇಲೆ ಬಿಡಲು' ಎಂಬಂಥ ಸಂದರ್ಭವನ್ನೂ ಕೊಡುತ್ತಾರೆ. ಹಾಳೆ ಓದದ ಕಣ್ಣೂ ಕುರುಡು, ಕಾಲು ನೋಡದ ಹಾಳೆಯೂ ಕುಂಟು.

ಇದೇ ಕಣ್ಣು ಮಂದೆಯಲ್ಲಿ ಹೇಗೆ ದುಡಿಯುತ್ತದೆ? ಅಲ್ಲಿ ಹಸುಗಳನ್ನು ಮೈ ನೋಡಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 1 ಎಲುಬಿನ ಹಂದರ, 9 ಕೊಬ್ಬಿನ ಮುದ್ದೆ. ಕೊನೆಯ ಎರಡು ಪಕ್ಕೆಲುಬು ಮಾತ್ರ ಕಂಡರೆ 4. ಅವೂ ಕಾಣದಿದ್ದರೆ 5. ಮುಂದಿನ ಪಕ್ಕೆಲುಬುಗಳೂ ಎದ್ದು ಕಂಡರೆ 3. ಈಯುವ ಹೊತ್ತಿಗೆ ಹಸು 5ರಲ್ಲಿ, ಮೊದಲ ಸೂಲಿನ ಕಡಸು 6ರಲ್ಲಿ ಇರಬೇಕು. ಇದು ಚಂದಕ್ಕಲ್ಲ. ಗಬ್ಬದ ಕಾಲ ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕಾದರೆ ಈದ 82 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಬಡಕಲು ಹಸು ಅಷ್ಟರಲ್ಲಿ ಬೆದೆಗೇ ಬರುವುದಿಲ್ಲ. ಒಂದು ಅಂಕ ಏರಿಸಲು 35ರಿಂದ 45 ಕಿಲೋ ಮೈ ಹತ್ತಬೇಕು. ಕರು ಬಿಡಿಸುವ ಶರತ್ಕಾಲದಲ್ಲೇ ನೋಡಿದರೆ ಮುಂದೆ ತೊಂಬತ್ತು ದಿನ ಕೈಯಲ್ಲಿರುತ್ತದೆ, ದಿನಕ್ಕೆ ನಾನೂರು ಐನೂರು ಗ್ರಾಂ ಹೆಚ್ಚಿದರೆ ಸಾಕು. ಈಯುವ ತಿಂಗಳಲ್ಲಿ ನೋಡಿ ಗಾಬರಿಯಾದರೆ ತಡವಾಯಿತು. ಆಗ ಹಾಕಿದ ಮೇವೆಲ್ಲ ಹಾಲಿಗೆ ಹೋಗುತ್ತದೆ, ಮೈಗೆ ಹತ್ತುವುದಿಲ್ಲ. ಚಳಿಗಾಲದ ದಪ್ಪ ಕೂದಲು ಕಣ್ಣನ್ನು ಮೋಸಗೊಳಿಸುವುದರಿಂದ ಆಗ ಕೈ ಇಟ್ಟು ಪಕ್ಕೆಲುಬು ಒತ್ತಿ ನೋಡಬೇಕು. ಆ ಕೂದಲು ಒಣಗಿದ್ದರೆ ಹಸು ಮೈನಸ್ 8 ಡಿಗ್ರಿಯವರೆಗೆ ಹೆಚ್ಚು ಮೇವಿಲ್ಲದೆ ತಡೆಯುತ್ತದೆ. ಮಳೆಗೆ ತೊಯ್ದರೆ 15 ಡಿಗ್ರಿಯಲ್ಲೇ ಮೈಯ ಕೊಬ್ಬು ಸುಡತೊಡಗುತ್ತದೆ. ಹಿಮಕ್ಕಿಂತ ತಣ್ಣನೆಯ ಮಳೆ ಕೆಟ್ಟದ್ದು ಎಂಬ ಅಲ್ಲಿಯವರ ಅನುಭವಕ್ಕೆ ಇದೇ ಕಾರಣ.

ಈಯುವಾಗ ಕಣ್ಣಿನ ಜೊತೆ ಗಡಿಯಾರವೂ ಬೇಕು. ನೀರ್ಚೀಲ ಅಥವಾ ಕಾಲು ಕಂಡ ಮೇಲೆ ಹಸು ಅರ್ಧ ಗಂಟೆ, ಕಡಸು ಒಂದು ಗಂಟೆ ಮುಕ್ಕಿಯೂ ಮುಂದುವರಿಯದಿದ್ದರೆ ಕೈ ಹಾಕಿ ನೋಡಬೇಕು. ಸರಪಳಿ ಹಾಕುವುದಾದರೆ ಗೆಣ್ಣಿನ ಮೇಲೊಂದು ಕುಣಿಕೆ, ಕೆಳಗೊಂದು ಅರ್ಧ ಸುತ್ತು. ಒಂದೇ ಕುಣಿಕೆಯಾದರೆ ಎಳೆತವೆಲ್ಲ ಒಂದೇ ಕಡೆ ಬಿದ್ದು ಎಳೆಯ ಎಲುಬು ಮುರಿಯುತ್ತದೆ. ಹಸು ಮುಕ್ಕಿದಾಗ ಎಳೆ, ಬಿಟ್ಟಾಗ ಬಿಡು. ಗಿಣ್ಣು ಹಾಲು ಮೊದಲ ಎರಡು ಗಂಟೆಯೊಳಗೆ, ಸುಮಾರು ಎರಡು ಲೀಟರ್. ಹಾಲಿನಲ್ಲಿರುವ ರೋಗನಿರೋಧಕ ಅಂಶವನ್ನು ಕರುವಿನ ಕರುಳು ಹಾಗೆಯೇ ಹೀರಿಕೊಳ್ಳುವ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತ ಒಂದು ದಿನದೊಳಗೆ ಪೂರ್ತಿ ಮುಚ್ಚಿಬಿಡುತ್ತದೆ. ಈ ಮಾತು ಮಂಡ್ಯದ ಹಿತ್ತಿಲಿಗೂ ಅಷ್ಟೇ ಸತ್ಯ. ಕಸ ಬಿದ್ದ ಮೇಲೆ ಹಾಲು ಕೊಡೋಣ ಎಂದು ಕಾಯುವ ರೂಢಿ ಇನ್ನೂ ಕೆಲವು ಕಡೆ ಇದೆ, ದಯವಿಟ್ಟು ಕಾಯಬೇಡಿ.

ಲಸಿಕೆಯ ದಿನ ದನಗಳನ್ನು ಸಾಲಾಗಿ ಕಬ್ಬಿಣದ ಶೂಟ್‌ಗೆ ನುಗ್ಗಿಸುತ್ತಾರೆ, ನಮ್ಮ ಪಶು ಆಸ್ಪತ್ರೆಗಳಲ್ಲಿ ದನವನ್ನು ಅಲುಗದಂತೆ ನಿಲ್ಲಿಸುವ ಚೌಕಟ್ಟಾದ ಟ್ರೇವಿಸ್‌ನ ಅಣ್ಣ ಅದು. ಕೂಗಾಟ, ಕೋಲು ಬೇಕಿಲ್ಲ. ದನದ ಹೆಗಲೇ ಅದರ ತಕ್ಕಡಿಮುಳ್ಳು: ಹೆಗಲಿನ ಹಿಂದೆ ನಿಂತರೆ ಮುಂದೆ ಹೋಗುತ್ತದೆ, ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ಸಾಲಿನ ಪಕ್ಕದಲ್ಲಿ ತಲೆಯಿಂದ ಬಾಲದ ಕಡೆಗೆ ನಡೆದುಹೋದರೆ ಒಂದೊಂದು ಹೆಗಲು ದಾಟಿದಂತೆ ಒಂದೊಂದು ದನ ಮುಂದೆ ಹೆಜ್ಜೆ ಇಡುತ್ತದೆ. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕೆ ಹೆಸರಾದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು ದನದ ಕಣ್ಣಿನ ಎತ್ತರದಲ್ಲಿ ಬಗ್ಗಿ ನೋಡಿ, ನೇತಾಡುವ ಸರಪಳಿ, ನೆಲದ ನೆರಳು, ಬೇಲಿಯ ಮೇಲಿನ ಅಂಗಿ ಇವೇ ದನವನ್ನು ನಿಲ್ಲಿಸುತ್ತವೆ ಎಂದು ತೋರಿಸಿಕೊಟ್ಟರು. ಚುಚ್ಚುಮದ್ದು ಕುತ್ತಿಗೆಗೇ, ಸಾಧ್ಯವಾದರೆ ಚರ್ಮದ ಕೆಳಗೇ. ಒಂದು ಜಾಗಕ್ಕೆ 10 ಮಿಲಿಲೀಟರ್ ಮೀರಬಾರದು, ಎರಡು ಚುಚ್ಚಿನ ನಡುವೆ ಅಂಗೈ ಅಗಲ ಇರಬೇಕು. ತೊಡೆಗೆ ಚುಚ್ಚಿದರೆ ಒಳಗೆ ಗಂಟಾಗಿ ಮಾಂಸದ ಬೆಲೆಬಾಳುವ ಭಾಗವೇ ಹಾಳು. ಜೀವಂತ ವೈರಸ್‌ನ ಲಸಿಕೆಯನ್ನು ಒಂದು ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ, ಬಿಸಿಲಿಗೆ ಬೀಳದಂತೆ ಐಸ್ ಡಬ್ಬಿಯಲ್ಲಿಡಬೇಕು. ಆ ಸಿರಿಂಜನ್ನು ಸೋಪು, ಸ್ಪಿರಿಟ್ ಹಾಕಿ ತೊಳೆದರೆ ಉಳಿದ ಅಂಶವೇ ಲಸಿಕೆಯನ್ನು ಕೊಲ್ಲುತ್ತದೆ. ಕುದಿಯುವ ನೀರು ಸಾಕು. ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಿ ಬಳಸಬಾರದು, ಮುರಿದು ಒಳಗುಳಿಯುತ್ತದೆ.

ಸಾರ್ವಜನಿಕ ಕೆಲಸದಲ್ಲಿ ಕಣ್ಣಿಗೆ ಅತಿ ಹೆಚ್ಚು ಕೆಲಸ ಇರುವುದು ಮುದ್ರೆ ತಪಾಸಣೆಯಲ್ಲಿ. ಬೇಲಿಯಿಲ್ಲದ ಬಯಲಿನಲ್ಲಿ ಹತ್ತು ಜನರ ದನ ಬೆರೆತಾಗ ಒಡೆತನಕ್ಕೆ ಸಾಕ್ಷಿ ಮೈಮೇಲಿನ ಮುದ್ರೆ. ಟೆಕ್ಸಸ್‌ನ ದನಗಾರರು 1877ರಲ್ಲಿ ಗ್ರಹಾಂ ಎಂಬ ಊರಿನಲ್ಲಿ ಸೇರಿ ಸಂಘ ಕಟ್ಟಿದ್ದೇ ಕಳವು ತಡೆಯಲು. ಕೊಲೊರಾಡೋದಲ್ಲಿ ದನ ಮಾರುವಾಗ, ರಾಜ್ಯದ ಗಡಿ ದಾಟಿಸುವಾಗ, ರಾಜ್ಯದೊಳಗೇ 75 ಮೈಲಿ ಮೀರಿ ಸಾಗಿಸುವಾಗ ತಪಾಸಕರು ಮುದ್ರೆ ನೋಡಿ ಚೀಟಿ ಕೊಡಬೇಕು. ಮುದ್ರೆಗೆ ಅದರದೇ ವ್ಯಾಕರಣವಿದೆ: ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಓದು. ಅಕ್ಷರ ಮಗ್ಗುಲಾಗಿ ಮಲಗಿದ್ದರೆ 'ಲೇಜಿ', ಕೆಳಗೆ ತೊಟ್ಟಿಲಿನಂತೆ ಕಮಾನಿದ್ದರೆ 'ರಾಕಿಂಗ್', ರೆಕ್ಕೆಯಿದ್ದರೆ 'ಫ್ಲೈಯಿಂಗ್', ಅಡ್ಡಗೆರೆಯಿದ್ದರೆ 'ಬಾರ್'. ಟೆಕ್ಸಸ್‌ನ ಕಿಂಗ್ ರ‍್ಯಾಂಚ್‌ನ 'ರನ್ನಿಂಗ್ ಡಬ್ಲ್ಯೂ' 1869ರಲ್ಲಿ ನೋಂದಣಿಯಾದದ್ದು. ಕಬ್ಬಿಣ ಕೆಂಪಗೆ ಕಾದಿದ್ದರೆ ಕೂದಲು ಹೊತ್ತಿಕೊಂಡು ಗುರುತು ಕಲಸಿಹೋಗುತ್ತದೆ. ಬೂದಿಯ ಬಣ್ಣಕ್ಕೆ ಬಂದಾಗ ಮೂರರಿಂದ ಐದು ಸೆಕೆಂಡ್ ಒತ್ತಿದರೆ ಚರ್ಮ ಹೊಸ ಕುದುರೆಜೀನಿನ ಬಣ್ಣಕ್ಕೆ ತಿರುಗುತ್ತದೆ. ಒದ್ದೆ ಕೂದಲಿನ ಮೇಲೆ ಒತ್ತಿದರೆ ಹಬೆ ಎದ್ದು ಸುತ್ತಲಿನ ಚರ್ಮವೂ ಬೇಯುತ್ತದೆ. ಎರಡು ಗೆರೆ ಕೂಡುವ ಮೂಲೆಯಲ್ಲಿ ಸಣ್ಣ ಸಂದು ಬಿಡದಿದ್ದರೆ ಶಾಖ ಅಲ್ಲೇ ಒಟ್ಟಾಗಿ ಹುಣ್ಣಾಗುತ್ತದೆ. ಕಳ್ಳರು ಹಳೆಯ ಮುದ್ರೆಗೆ ಒಂದೆರಡು ಗೆರೆ ಸೇರಿಸಿ ಬೇರೆ ಮಾಡುತ್ತಾರೆ. ಹೊಸ ಗೆರೆಯ ಗಾಯ ಹಳೆಯದರಷ್ಟು ಮಾಗಿರುವುದಿಲ್ಲ. ಚಳಿಗಾಲವಾದರೆ ಕೂದಲು ಕತ್ತರಿಸಿ, ಬೆರಳಾಡಿಸಿ ನೋಡಿದರೆ ವ್ಯತ್ಯಾಸ ಸಿಗುತ್ತದೆ.

ಹಲ್ಲು ನೋಡುವುದು ನಮಗೆ ಹೊಸದಲ್ಲ. ಹಾಲಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡಿದ್ದು ಎಂಬ ಲೆಕ್ಕ ನಮ್ಮ ಜಾತ್ರೆಗಳಲ್ಲಿ ಇಂದಿಗೂ ನಡೆಯುತ್ತದೆ. ಅಮೆರಿಕದಲ್ಲಿ 2003ರ ಡಿಸೆಂಬರ್‌ನಲ್ಲಿ ಹುಚ್ಚು ಹಸು ರೋಗ ಕಂಡ ಮೇಲೆ ಇದೇ ಲೆಕ್ಕ ಕಾನೂನಿನ ಭಾಗವಾಯಿತು: ಮೂರನೆಯ ಶಾಶ್ವತ ಹಲ್ಲು ಒಸಡು ಸೀಳಿ ಬಂದಿದ್ದರೆ ದನಕ್ಕೆ 30 ತಿಂಗಳು ದಾಟಿದೆ ಎಂದು ಹಿಡಿದು, ಮಿದುಳು, ಬೆನ್ನುಹುರಿಯನ್ನು ಆಹಾರದಿಂದ ಹೊರಗಿಡಬೇಕು.

ಮಂಡಳಿಗಳ ಕೆಲಸ ಹೆಚ್ಚಿನ ಭಾಗ ಹಣದ ಲೆಕ್ಕ. 1985ರ ಕೃಷಿ ಕಾಯ್ದೆಯಾದ ಫಾರ್ಮ್ ಬಿಲ್‌ನಡಿ ಮಾರಾಟವಾಗುವ ಪ್ರತಿ ದನಕ್ಕೂ ಒಂದು ಡಾಲರ್ ಕಡಿತವಾಗುತ್ತದೆ. ಅರ್ಧ ರಾಜ್ಯದಲ್ಲಿ ಉಳಿಯುತ್ತದೆ, ಅರ್ಧ ದನದ ಮಾಂಸದ ರಾಷ್ಟ್ರೀಯ ಮಂಡಳಿಗೆ. 1988ರಲ್ಲಿ ದನಗಾರರ ಮತದಾನದಲ್ಲಿ ಶೇಕಡ 79ರಷ್ಟು ಮಂದಿ ಒಪ್ಪಿದ್ದರಿಂದ ಅದು ಉಳಿಯಿತು. ಪ್ರಚಾರ, ಸಂಶೋಧನೆ, ಶಿಕ್ಷಣಕ್ಕೆ ಬಳಸಬಹುದು. ಸರ್ಕಾರದ ನೀತಿಯ ಮೇಲೆ ಒತ್ತಡ ತರಲು ಒಂದು ಕಾಸನ್ನೂ ಬಳಸುವಂತಿಲ್ಲ. ಮಂಡಳಿಯಲ್ಲಿ ಕೂತ ದನಗಾರರು ಮೊದಲು ಕಲಿಯಬೇಕಾದ್ದು ಈ ಗೆರೆ.

ನಮಗೂ ಆ ಬಯಲುಗಳಿಗೂ ರಕ್ತಸಂಬಂಧವೇ ಇದೆ. ಅಮೆರಿಕನ್ ಬ್ರಾಹ್ಮನ್ ಎಂಬ ಹಿಣಿಲಿನ ತಳಿ ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ನೆಲ್ಲೂರು ದನಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ದನಗಳಿಂದಲೂ ಮೂಡಿದ್ದು. ಅದರ ಸಾಕಣೆಗಾರರ ಸಂಘ ಕಟ್ಟಿದ್ದು 1924ರಲ್ಲಿ. ಕಿಂಗ್ ರ‍್ಯಾಂಚ್‌ನ ಸಾಂತಾ ಗರ್ಟ್ರೂಡಿಸ್ ತಳಿಯಲ್ಲಿ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್ ರಕ್ತ. ಬಿಸಿಲು, ಉಣ್ಣೆ ಹುಳ, ಒರಟು ಹುಲ್ಲು ತಡೆಯುವ ಗುಣ ಅಲ್ಲಿಗೆ ಹೋದದ್ದು ನಮ್ಮ ಕಡೆಯಿಂದ. ಹಾಗಾದರೆ ಅಲ್ಲಿಯ ಕಲಿಸುವ ಕ್ರಮವನ್ನು ನಾವು ತರಬಾರದೇಕೆ? ಘಾಟಿ ಸುಬ್ರಹ್ಮಣ್ಯ, ಮುಡುಕುತೊರೆ, ಚುಂಚನಕಟ್ಟೆಯ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿ ನೋಡಿ ಬೆಲೆ ಕಟ್ಟುವ ಹಿರಿಯರ ಕಣ್ಣು ಅಪ್ರತಿಮ. ಆದರೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಯುತ್ತದೆ, ಕಾರಣ ಯಾರ ಕಿವಿಗೂ ಬೀಳುವುದಿಲ್ಲ.

ಶುರು ಮಾಡಲು ಬನ್ನೂರು ಕುರಿ ಸಾಕು. ಹಿಂದಿನಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷ್ 'ಯು' ಅಕ್ಷರದಂತೆ ಕಾಣುವ ಮೈ ಆ ತಳಿಯ ಗುರುತು, ಮಕ್ಕಳಿಗೆ ಬೇಗ ಕಣ್ಣಿಗೆ ಬೀಳುತ್ತದೆ. ಒಂದೇ ವಯಸ್ಸಿನ ನಾಲ್ಕು ಹೆಣ್ಣು ಮರಿಗಳನ್ನು ಆರಿಸಿ, ಎರಡು ಪರಸ್ಪರ ತುಂಬ ಹತ್ತಿರ ಇರಲಿ, ಒಂದು ಸ್ಪಷ್ಟವಾಗಿ ಕೆಳಗಿನದಿರಲಿ. ಬೆನ್ನಿಗೆ ಸುಣ್ಣದಲ್ಲಿ ಅಂಕಿ. ಮಕ್ಕಳು ಬರುವ ಮೊದಲೇ ಇಬ್ಬರು ತಿಳಿದವರು ಬೇರೆ ಬೇರೆಯಾಗಿ ಕ್ರಮ ಬರೆಯಲಿ; ಇಬ್ಬರ ಕ್ರಮ ಬೇರೆಯಾದ ಜೋಡಿಗೆ ಕಟ್ 1 ಅಥವಾ 2 ಮಾತ್ರ. ಹಿಂದಿನಿಂದ ನಾಲ್ಕು ನಿಮಿಷ, ಪಕ್ಕದಿಂದ ನಾಲ್ಕು, ನಡೆಸಿ ಎರಡು, ಕೊನೆಯ ಎರಡು ನಿಮಿಷ ಸೊಂಟದ ಮೇಲೆ ಅಂಗೈ ಇಟ್ಟು ಬೆನ್ನೆಲುಬು ಎಷ್ಟು ಚುಚ್ಚುತ್ತದೆ ಎಂದು ನೋಡಲಿ. ಅಂದಾಜು ತೂಕವನ್ನೂ ಬರೆಸಿ, ಆಮೇಲೆ ತಕ್ಕಡಿಗೆ ಹಾಕಿ. ದನವಾದರೆ ತಕ್ಕಡಿಯೂ ಬೇಕಿಲ್ಲ: ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಹೆಗಲಿನಿಂದ ಬಾಲದ ಬುಡದ ಎಲುಬಿನವರೆಗಿನ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ, ಸುತ್ತಳತೆ 170, ಉದ್ದ 140 ಸೆಂಟಿಮೀಟರ್ ಇದ್ದರೆ 373 ಕಿಲೋ. ಮೊದಲ ದಿನ ಚೀಟಿಗೆ ಅಂಕ ಕೊಡಬೇಡಿ. ಒಬ್ಬೊಬ್ಬರನ್ನೂ ನಿಲ್ಲಿಸಿ ಮೇಲಿನ ಒಂದು ಜೋಡಿಗೆ ಮಾತ್ರ ಕಾರಣ ಹೇಳಿಸಿ, ಎಷ್ಟು ಸಲ 'ಗಿಂತ' ಬಂತು ಎಂದಷ್ಟೇ ಎಣಿಸಿಕೊಳ್ಳಿ.